ನಾವಾಂಗಳ ಅರಿಸಿನದ ಚಿತ್ರಗಳು

ಅಧ್ಯಕ್ಷ ಪೀಠದಲ್ಲಿರುವ ಮಾನ್ಯರೇ, ಮುಂದಿನ ಸಾಲಿನಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಿರುವ ಅತಿಥಿಗಳೇ, ಸಹೋದ್ಯೋಗಿಗಳೇ, ಕುರ್ಚಿ ಸಾಲದೆ ಗೋಡೆಗೊರಗಿ ನಿಂತಿರುವ ವಿದ್ಯಾರ್ಥಿಗಳೇ, ಸಭಿಕರೇ,

ಜಾವಾದ ಯೋಗ್ಯಕರ್ತದ ಈ ಕಲಾಶಾಲೆಯಲ್ಲಿ ಹನ್ನೊಂದು ವರ್ಷದಿಂದ ನಾನು ಚಿತ್ರಕಲಾ ವಿಭಾಗದ ಮುಖ್ಯಸ್ಥ. ಈ ವರ್ಷದ ಪದಕ ಪಡೆದ ವಿದ್ಯಾರ್ಥಿನಿ ನಾವಾಂಗಳ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕೆಂದು ಅಪ್ಪಣೆಯಾಗಿದೆ. ಬರೆದುಕೊಂಡೇ ಬಂದಿದ್ದೆ. ಆದರೆ ಬೆಳಗಿನಿಂದ ಈ ಕಾಗದವನ್ನು ಎಷ್ಟು ಸಲ ಮಡಚಿ ಬಿಚ್ಚಿದೆನೆಂದರೆ, ಮಡಿಕೆಯಲ್ಲಿದ್ದ ಸಾಲುಗಳೆಲ್ಲ ಅಳಿಸಿಹೋಗಿವೆ. ಇರಲಿ, ನೆನಪಿನಿಂದಲೇ ಹೇಳುತ್ತೇನೆ.

ನಾವಾಂಗ್ ಸುಮ್ಮನೆ ಕೂರುವವಳಲ್ಲ. ಬಸ್ಸಿನಲ್ಲಿ, ಕ್ಯಾಂಟೀನಿನಲ್ಲಿ, ಕೊನೆಗೆ ನನ್ನ ಪಾಠದ ನಡುವೆಯೂ ಗೀಚುತ್ತಲೇ ಇರುತ್ತಿದ್ದಳು. ಯಾವುದರಿಂದ? ಸುಟ್ಟ ತೆಂಗಿನ ಚಿಪ್ಪಿನಿಂದ, ಸೀಳಿದ ಬಿದಿರುಕಡ್ಡಿಯಿಂದ, ಕಾಫಿಯ ಗಸಿಯಿಂದ. ತಾಯಿ ಬು ಸಾರ್ತಿ ಮಾರುಕಟ್ಟೆಯಲ್ಲಿ ಜಾಮು ಕಷಾಯ ಮಾರುವವರು. ಅವರ ಬುಟ್ಟಿಯ ಅರಿಸಿನದ ರಸವೂ ಇವಳಿಗೆ ಬಣ್ಣವೇ.

"ಇದೇನಮ್ಮ, ಚಿತ್ರ ಬರೀತೀಯೋ, ಸಾರು ಮಾಡ್ತೀಯೋ?" ಎಂದೆ.

"ರುಚಿ ನೋಡಿ ಹೇಳಿ, ಪಾಕ್ ವಿರ್ಯೊ!" ಎಂದಳು, ನನ್ನ ಹೆಸರಿಗೆ ಗೌರವದ 'ಪಾಕ್' ಸೇರಿಸಿಯೇ.

ತರಗತಿಯೆಲ್ಲ ನಕ್ಕಿತು. ನೀವೂ ನಗುತ್ತಿದ್ದೀರಿ. ನನಗೆ ಮಾತ್ರ ಆ ನಗು ಚುಚ್ಚಿತ್ತು ಎಂಬುದನ್ನು ಇಂದು ಹೇಳಬಹುದೇನೋ.

ಎರಡನೆಯ ವರ್ಷದ ಪರೀಕ್ಷೆಗೆ ಹನ್ನೆರಡು ಹಾಳೆ ತಂದಳು. ಎಲ್ಲವೂ ಅರಿಸಿನದಲ್ಲಿ. ಹಾಸಿಗೆ ಹಿಡಿದ ಒಬ್ಬ ಗಂಡಸು. ದುಪ್ಪಟಿಯ ಮೇಲೆ ಸುಮ್ಮನಿರದ ಅವನ ಕೈಗಳು. ಪೂರ್ವದ ಕಿಟಕಿಯ ಪಕ್ಕ ತೂಗುಹಾಕಿಸಿದ್ದು ನಾನೇ. ಹತ್ತು ದಿನದ ರಜೆ ಕಳೆದು ಬಂದು ನೋಡಿದರೆ, ಬಿಸಿಲಿಗೆ ಗೆರೆಗಳೆಲ್ಲ ಮಾಸಿ ಬರೀ ಕಾಗದ ಉಳಿದಿತ್ತು. ಅರಿಸಿನ ಬಿಸಿಲು ತಾಳದು ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಸಭಿಕರೇ. ಗೊತ್ತಿತ್ತು.

"ಉಳಿಯದ ಚಿತ್ರಕ್ಕೆ ಅಂಕ ಎಲ್ಲಿಂದ ಕೊಡ್ಲಿ?" ಎಂದು ತರಗತಿಯ ಎದುರೇ ಸೊನ್ನೆ ಹಾಕಿದೆ.

ಅವಳು ಒಂದೊಂದೇ ಹಾಳೆ ಇಳಿಸಿಕೊಂಡು ಹೋದಳು. ಮರುದಿನ ಬರಲಿಲ್ಲ. ಮರುತಿಂಗಳೂ ಬರಲಿಲ್ಲ.

ಒಂದು ದಿನ ಏನನ್ನೋ ಹುಡುಕುವಾಗ ನನ್ನ ಮೇಜಿನ ಖಾನೆಯಲ್ಲಿ ಹದಿಮೂರನೆಯ ಹಾಳೆ ಸಿಕ್ಕಿತು. ಒಪ್ಪಿಗೆಗೆಂದು ಅವಳು ಮೊದಲೇ ಕೊಟ್ಟದ್ದು. ಕತ್ತಲಲ್ಲಿದ್ದುದರಿಂದ ಹಳದಿ ಹಾಗೇ ಇತ್ತು. ಹಾಳೆಯ ಹಿಂಬದಿಯಲ್ಲಿ ಬರೆದಿದ್ದಳು: "ಅಪ್ಪ. ಬೆಳಿಗ್ಗೆ ಆರೂವರೆ. ಇವತ್ತು ಎರಡು ಚಮಚ ಗಂಜಿ ಕುಡಿದ."

ಆ ಹಾಳೆ ಹಿಡಿದುಕೊಂಡು ಮಾರುಕಟ್ಟೆಗೆ ಓಡಿದೆ. ತಾಯಿ ಮಗಳು ಇಬ್ಬರೂ ಅಂಗಡಿಯಲ್ಲಿದ್ದರು.

"ನಮ್ಮನೆಯವರು ತೀರ್ಕೊಂಡ ನಲವತ್ತನೇ ದಿನದ ಪ್ರಾರ್ಥನೆ ನಿನ್ನೆ ಮುಗೀತು," ಎಂದರು ಬು ಸಾರ್ತಿ. "ಬೆವರ್ತಾ ಇದೀರ. ಕೂತ್ಕೊಂಡು ಒಂದು ಲೋಟ ಕುಡೀರಿ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ನಾವಾಂಗ್ ಹಾಳೆಯನ್ನು ಮುಟ್ಟಲಿಲ್ಲ. "ಇದೂ ಹೋಗುತ್ತೆ. ನಮ್ಮನೇಲಿ ಅಪ್ಪನ ಚಿತ್ರ ಬೇರೆ ಯಾವುದೂ ಇಲ್ಲ. ಗಟ್ಟಿ ಶಾಯೀಲಿ ನೀವೇ ಒಂದು ಪ್ರತಿ ಮಾಡಿಕೊಡಿ, ಪಾಕ್. ನನ್ನ ಕೈ ನಡುಗುತ್ತೆ."

ನನ್ನ ಜೇಬಿನಲ್ಲಿ ಎಂದೂ ಮಾಸದ ಶಾಯಿಯ ಪೆನ್ನಿತ್ತು. ಅಲ್ಲೇ ಬೆಂಚಿನ ಮೇಲೆ ಕೂತು ಬರೆದೆ. ಹಣೆ ಬಂತು, ಮೂಗು ಬಂತು. ಕೈಗಳು ಬರಲಿಲ್ಲ. ಮೂರು ಸಲ ಬರೆದೆ; ಮೂರು ಸಲವೂ ಮರದ ಕೈಗಳು.

"ನೀವು ಕೊನೇ ಸಲ ಚಿತ್ರ ಬರೆದಿದ್ದು ಯಾವಾಗ, ಪಾಕ್?" ಕುಹಕದಿಂದ ಕೇಳಲಿಲ್ಲ ಅವಳು.

"ಹೋದ ವಾರ," ಎಂದೆ.

ಸುಳ್ಳು. ಮುಖ್ಯಸ್ಥನಾದ ಮೇಲೆ ಒಂದನ್ನೂ ಬರೆದಿರಲಿಲ್ಲ.

ಅವಳು ಪೆನ್ನು ತೆಗೆದುಕೊಂಡಳು. ಕೈ ನಡುಗುತ್ತಲೇ ಇತ್ತು, ನಡುಗುತ್ತಲೇ ಬರೆದಳು. ಆ ನಡುಕವೆಲ್ಲ ಗೆರೆಗೆ ಇಳಿಯಿತು. ದುಪ್ಪಟಿಯ ಅಂಚನ್ನು ಹಿಂಜುತ್ತಿರುವ ಬೆರಳುಗಳು ಕಾಗದದ ಮೇಲೆ ಎದ್ದವು. ಬು ಸಾರ್ತಿ ಲೋಟ ತೊಳೆಯುವುದನ್ನು ಬಿಟ್ಟು ನೋಡಿದರು. "ಹೂಂ, ಇವರೇ," ಎಂದರು. ಅಷ್ಟೇ.

ಆ ಚಿತ್ರ ಈಗ ಪಕ್ಕದ ಕೋಣೆಯಲ್ಲಿದೆ. ಅವಳು ಮರಳಿ ಬಂದಳು, ಅಂಕಪಟ್ಟಿಯನ್ನು ನಾನು ತಿದ್ದಿದೆ. ಆದರೆ ಕ್ಷಮೆ ಕೇಳಿರಲಿಲ್ಲ. ಮುಚ್ಚಿದ ಕೋಣೆಯಲ್ಲಿ ಕೇಳಬಹುದಿತ್ತು. ತರಗತಿಯ ಎದುರು ಮಾಡಿದ ತಪ್ಪಿಗೆ ಅದು ಸಾಕೇ? ನಾವಾಂಗ್, ತಪ್ಪಾಯಿತು. ಬು ಸಾರ್ತಿಯವರೇ, ತಪ್ಪಾಯಿತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಖ್ಯಸ್ಥನ ಹುದ್ದೆ ಬಿಡುವ ಪತ್ರವನ್ನು ಅವರಿಗೆ ಬೆಳಿಗ್ಗೆಯೇ ಕೊಟ್ಟಿದ್ದೇನೆ. ಸೋಮವಾರದಿಂದ ನಾವಾಂಗ್ ಸಂಜೆಯ ರೇಖಾಚಿತ್ರದ ತರಗತಿ ನಡೆಸುತ್ತಾಳೆ. ನನ್ನನ್ನೂ ಸೇರಿಸಿಕೋ ಎಂದೆ.

"ವಯಸ್ಸಿಗೆ ರಿಯಾಯ್ತಿ ಇಲ್ಲ, ಪಾಕ್. ಇವತ್ತಿಂದಾನೇ ದಿನಕ್ಕೆ ಮೂವತ್ತು ಚಿತ್ರ. ರಬ್ಬರು ಮುಟ್ಟಬೇಡಿ," ಎಂದಳು.

ಈ ಸಭೆಗೆ ಬರುವಷ್ಟರಲ್ಲಿ ಒಂಬತ್ತಾಗಿವೆ, ಒಂದೂ ಚೆನ್ನಾಗಿಲ್ಲ. ಇನ್ನೂ ಇಪ್ಪತ್ತೊಂದಿವೆ, ಬೆಳಕಿರುವಾಗಲೇ ಹೊರಡಬೇಕು. ಇಷ್ಟು ಹೊತ್ತು ಸಹಿಸಿದ್ದಕ್ಕೆ ಧನ್ಯವಾದ. ನಮಸ್ಕಾರ.