ಬಿಳೀದು ಮಾತ್ರ

ವೈದ್ಯರ ಕೋಣೆಯ ಹೊರಗೆ, ನನ್ನ ಪಕ್ಕದ ಬೆಂಚಿನಲ್ಲಿ ಅಕ್ಕತಂಗಿಯರಿಬ್ಬರು ಕುಳಿತಿದ್ದರು. ಅಕ್ಕ ದರ್ಜಿ, ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು. ಮೊದಲು ಮಾತೆತ್ತಿದವಳು ತಂಗಿ.

“ಅಕ್ಕಾ, ಈ ಸಲನೂ ಸುಸ್ತು ಅಂತ ಹೇಳಿ ಟಾನಿಕ್ ಬರೆಸ್ಕೊಂಡು ಬಂದ್ರೆ, ಇನ್ಮೇಲೆ ನಾನು ಜೊತೆಗೆ ಬರಲ್ಲ.”

“ಸುಸ್ತು ಇರೋದು ನಿಜ ತಾನೆ?”

“ಸೀಮೆಸುಣ್ಣ ತಿನ್ನೋದೂ ನಿಜ. ಅದನ್ನ ಹೇಳು.”

“ಮೆಲ್ಲಗೆ ಮಾತಾಡೇ. ಬಿಳೀದು ಮಾತ್ರ ತಿನ್ನೋದು. ನೀಲಿದು ಮೇಣದ ಥರ ಇರುತ್ತೆ.”

“ರುಚಿ ಬೇರೆ ನೋಡ್ತಾಳೆ. ಗೆರೆ ಎಳೆಯೋಕೆ ಒಂದು ಬಿಳಿ ತುಂಡೂ ಉಳಿಸ್ದೆ, ಲಾಯರ್ ಕರಿ ಕೋಟನ್ನ ಕಣ್ಣಳತೆಯಲ್ಲೇ ಕತ್ತರಿಸಿದ್ಯಲ್ಲ. ಅವರ ತೋಳು ಒಳಗೆ ಹೋಗ್ಲೇ ಇಲ್ಲ.”

“ಅವರು ದಪ್ಪ ಆಗಿದ್ರು.”

“ಎರಡು ದಿನದಲ್ಲಾ? ಯಾಕೆ ತಿಂತೀಯ ಅಂತಾದ್ರೂ ಹೇಳು.”

“ಗೊತ್ತಿದ್ರೆ ಬಿಡ್ತಿರಲಿಲ್ವಾ? ಬೇಡ ಅಂದ್ಕೊಂಡಷ್ಟೂ ಬಾಯಲ್ಲಿ ನೀರೂರುತ್ತೆ. ಇಸ್ತ್ರಿ ಮಾಡೋವಾಗ ಬಟ್ಟೆಗೆ ನೀರು ಚಿಮುಕಿಸಿದ್ರೆ ಒಂದು ವಾಸನೆ ಬರುತ್ತಲ್ಲ, ಅದೇ ರುಚಿ. ತಿಂದ್ಮೇಲೆ ನಾಚಿಕೆ ಆಗುತ್ತೆ. ಆ ನಾಚಿಕೆ ಮರೆಯೋಕೆ ಇನ್ನೊಂದು ಚೂರು.”

“ರಕ್ತ ಕಮ್ಮಿಯಾದ್ರೂ ಹೀಗಾಗುತ್ತಂತೆ. ನೀನು ಬಾಯಿ ಬಿಟ್ರೆ ತಾನೆ ಡಾಕ್ಟ್ರು ನೋಡೋದು?”

“ನೀನೇ ಹೇಳು. ನಂಗೆ ಬಾಯಿ ಬರಲ್ಲ.”

“ತಿನ್ನೋಕೆ ಬರೋ ಬಾಯಿ ಹೇಳೋಕೆ ಬರಲ್ವಾ?”

ಒಳಗಿನಿಂದ ಅವರ ಸಂಖ್ಯೆ ಕೂಗಿದರು. ಅಕ್ಕ ಎದ್ದು, ಚೀಲದ ಒಳಜೇಬಿನಿಂದ ಬಿಳಿ ತುಂಡೊಂದನ್ನು ತೆಗೆದು ಮುಷ್ಟಿಯಲ್ಲಿ ಹಿಡಿದಳು.

“ಹೇಳೋಕಾಗಲ್ಲ. ತೋರಿಸ್ತೀನಿ.”

“ಸರಿ, ನಡಿ. ಬಾಗಿಲಿಗೆ ನಾಲ್ಕೇ ಹೆಜ್ಜೆ. ಅಷ್ಟರೊಳಗೆ ತಿಂದುಬಿಡಬೇಡ.”