ಗಾಯ ಎಲ್ಲಿದೆ, ತೋರಿಸು

ಹಿಂದಿನ ಸಾಲಿನವರೇ, ಆ ಮೊಬೈಲು ಸ್ವಲ್ಪ ಜೇಬಿಗೆ ಹಾಕಿ. ಶರಣು ಬಂದವರನ್ನು ಕಾಯುವುದೇ ಧರ್ಮ ಅಂತ ವರ್ಷವಿಡೀ ಹೇಳಿ ನನ್ನ ಗಂಟಲು ಬಿದ್ದುಹೋಯಿತು. ಇವತ್ತು ಉಪದೇಶ ಬೇಡ, ಕಥೆ ಕೇಳಿ.

ಕಡಲ ದಂಡೆಯ ಗುಡ್ಡದ ಮೇಲೆ ಒಂದು ಊರು, ಆ ಊರಿಗೊಬ್ಬ ಯಜಮಾನ, ಭಾರೀ ಶ್ರೀಮಂತ. ಅವನ ಸುಣ್ಣ ಸುಡುವ ಗೂಡುಗಳಲ್ಲಿ ಬೆಂಕಿ ಆರಿದ್ದೇ ಇಲ್ಲ. ಸೌದೆ ಎಲ್ಲಿಂದ? ಎದುರಿಗಿದ್ದ ದ್ವೀಪದಿಂದ. ಅದು ಬೇರೆ ಅರಸನ ಸೀಮೆ. ಅಲ್ಲಿ ಅಲೆಗಳಿಗೆ ಎದೆಯೊಡ್ಡಿ ನಿಂತಿದ್ದ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಮರಗಳ ಕಾಡನ್ನು ಕಡಿಸಿ ಕಡಿಸಿ ಸುಟ್ಟ.

ಕಾಡು ಹೋದಮೇಲೆ ಕಡಲು ಸುಮ್ಮನಿರುತ್ತದೆಯೇ? ಆ ದ್ವೀಪದಲ್ಲಿ ಒಬ್ಬ ಹೆಂಗಸಿದ್ದಳು. ಗಂಡ, ಒಂದು ಹಾಲು ಕುಡಿಯುವ ಮಗು. ಮೊದಲು ಅವಳ ಬಾವಿ ನೀರು ಉಪ್ಪಾಯಿತು. ಆಮೇಲೆ ಆ ಉಪ್ಪಿಗೆ ಸೌತೆ ಬಳ್ಳಿ ಸುಟ್ಟುಹೋಯಿತು. ಕೊನೆಗೊಂದು ಹುಣ್ಣಿಮೆಯ ಉಬ್ಬರಕ್ಕೆ ಅಡುಗೆಮನೆ ಗೋಡೆಯೇ ಕುಸಿಯಿತು. ಒಲೆಯ ಮೇಲಿದ್ದ ಗಂಜಿ ಕಡಲಪಾಲು. ಮಗುವನ್ನು ಸೆರಗಿಗೆ ಕಟ್ಟಿಕೊಂಡು ಗಂಡನ ಜೊತೆ ದೋಣಿ ಹತ್ತಿದಳು.

ಗುಡ್ಡದ ಊರಲ್ಲಿ ಯಜಮಾನನ ಅಜ್ಜ ಒಂದು ಒಳ್ಳೆಯ ಕಟ್ಟಳೆ ಮಾಡಿಟ್ಟಿದ್ದ. ಶತ್ರುವಿಗೆ ಹೆದರಿ ಓಡಿಬಂದವರಿಗೆ ಆಶ್ರಯ ಕೊಡಬೇಕು ಅಂತ. ನಿಜವಾಗಿಯೂ ಒಳ್ಳೆಯ ಕಟ್ಟಳೆ. ಎಷ್ಟೋ ಜನ ಅದರಿಂದ ಬದುಕಿದ್ದರು.

ಯಜಮಾನ ಊರಬಾಗಿಲಿಗೆ ಬಂದು ಕೇಳಿದ. “ನಿನ್ನನ್ನು ಓಡಿಸಿದ್ದು ಯಾರಮ್ಮ?”

“ಕಡಲು, ಒಡೆಯಾ.”

“ಕಡಲಿಗೇನು ನಿನ್ನ ಮೇಲೆ ದ್ವೇಷವೇ? ನಿನ್ನ ಜಾತಿ ನೋಡಿ ಓಡಿಸಿತೇ? ನಿನ್ನ ದೇವರು ಬೇರೆ ಅಂತ ಓಡಿಸಿತೇ?”

“ಇಲ್ಲ, ಎಲ್ಲರನ್ನೂ ಓಡಿಸಿತು.”

“ಹಾಗಾದರೆ ನಮ್ಮ ಕಟ್ಟಳೆಯ ಲೆಕ್ಕದಲ್ಲಿ ನೀನು ಶರಣು ಬಂದವಳಲ್ಲ. ಯಾರಾದರೂ ಹೊಡೆದಿದ್ದರೆ ಗಾಯ ಎಲ್ಲಿದೆ, ತೋರಿಸು.”

ಅವಳಿಗೆ ಸಿಟ್ಟು ತಡೆಯಲಿಲ್ಲ. “ನಮ್ಮನ್ನು ಕಾಯುತ್ತಿದ್ದ ಕಾಡು ಉರಿದದ್ದು ನಿಮ್ಮ ಗೂಡಿನಲ್ಲೇ ಅಲ್ಲವೇ?”

“ಅದು ವ್ಯಾಪಾರ, ಇದು ಕಟ್ಟಳೆ. ಎರಡನ್ನೂ ಬೆರೆಸಬೇಡ.”

ನೋಡಿ, ಎಷ್ಟು ಚೆಂದದ ಉತ್ತರ! ನಮ್ಮಲ್ಲೂ ಇಂಥ ಉತ್ತರಕ್ಕೆ ಬರವಿಲ್ಲ.

ಗಂಡ ಹೆಂಡತಿ ಗುಡ್ಡ ಇಳಿದು ಹೋಗುವಾಗ ಬಾಗಿಲು ಕಾಯುವವನು ಮೆಲ್ಲಗೆ ಹೇಳಿದ. “ತಂಗೀ, ರಕ್ತ ಕಂಡರೆ ಒಳಗೆ ಬಿಡ್ತಾರೆ.”

ದೋಣಿ ಹತ್ತಿರ ಬಂದ ಗಂಡ ಹುಟ್ಟನ್ನು ಎತ್ತಿ ಅವಳ ಕೈಗೆ ಕೊಟ್ಟ. “ಹೊಡಿ.”

“ಹುಚ್ಚು ಹಿಡಿದಿದೆಯಾ ನಿಮಗೆ?”

“ಮಗು ಒಳಗೆ ಹೋಗಬೇಕೋ ಬೇಡವೋ? ಹೊಡಿ.”

ಹೊಡೆದಳು. ಕೈ ಏಳಲಿಲ್ಲ, ಸುಮ್ಮನೆ ತಾಗಿತು. “ಕಾಣುವ ಹಾಗೆ ಹೊಡಿಯೇ” ಅಂದ. ಕಣ್ಣು ಮುಚ್ಚಿ ಬೀಸಿದಳು. ಹಣೆ ಒಡೆಯಿತು. ಅಯ್ಯೋ ಅಂತ ಸೆರಗು ಹರಿದು ಕಟ್ಟಲು ಹೋದವಳು ತಟ್ಟನೆ ನಿಂತಳು. ಕಟ್ಟಿದರೆ ಗಾಯ ಕಾಣುವುದಿಲ್ಲವಲ್ಲ!

ಮತ್ತೆ ಗುಡ್ಡ ಹತ್ತಿದರು. ಬಾಗಿಲಲ್ಲಿ ರಕ್ತ ಕಂಡು ಯಜಮಾನ ಗಾಬರಿಯಾದ. “ನೀರು ತನ್ನಿ, ಅರಿಶಿನ ತನ್ನಿ! ಯಾರಪ್ಪಾ ಹೀಗೆ ಹೊಡೆದದ್ದು?”

“ನಮ್ಮ ಅರಸನ ಭಟರು” ಅಂತ ಹೇಳಲು ಗಂಡ ಬಾಯಿ ತೆರೆದ. ಅವಳಿಗೆ ತಾಳಲಾಗಲಿಲ್ಲ. “ನಾನು ಹೊಡೆದೆ!” ಅಂತ ಚೀರಿದಳು. “ಕಡಲು ಹೊಡೆದದ್ದು ನಿಮಗೆ ಕಾಣಲಿಲ್ಲ. ಅದಕ್ಕೇ ಕಟ್ಟಿಕೊಂಡ ಗಂಡನ ತಲೆ ನಾನೇ ಒಡೆದೆ. ಈಗ ಕಾಣಿಸಿತಾ?”

ಯಜಮಾನ ಯೋಚಿಸಿದ. ಬಹಳ ಹೊತ್ತು ಯೋಚಿಸಿ ಹೇಳಿದ. “ಪೆಟ್ಟು ತಿಂದವನು ಒಳಗೆ ಬರಲಿ, ಮಗುವೂ ಬರಲಿ. ಹೊಡೆದವಳು ಹೊರಗಿರಲಿ.”

ನಗಬೇಡಿ. ಮೊಲೆಹಾಲು ಕುಡಿಯುವ ಮಗು ಒಳಗೆ, ತಾಯಿ ಹೊರಗೆ!

ಗಂಡ ಬಾಗಿಲಿಗೆ ಬೆನ್ನು ತಿರುಗಿಸಿದ. ಹೆಂಡತಿಯ ಕೈ ಹಿಡಿದು ಇಳಿದುಹೋದ. ದೋಣಿಯಲ್ಲಿ ಅವಳು ಅಳುತ್ತ ಅವನ ಹಣೆಗೆ ಬಟ್ಟೆ ಕಟ್ಟಿದಳು. ದಂಡೆಗುಂಟ ಹುಟ್ಟು ಹಾಕುತ್ತ ಹೋದರು. ಯಾವ ಊರಿಗೆ? ಅವರಿಗೇ ಗೊತ್ತಿರಲಿಲ್ಲ.

ಯಜಮಾನನಿಗೆ ಆಮೇಲೆ ಬುದ್ಧಿ ಬಂತಾ ಅಂತ ಕೇಳಬೇಡಿ, ಬರಲಿಲ್ಲ. ಉಂಡು ಮಲಗಿದ. ಅವನು ದುಷ್ಟನೂ ಅಲ್ಲ ಮಾರಾಯರೇ, ನನಗೆ ಹೊಟ್ಟೆ ಉರಿಯುವುದೇ ಅದಕ್ಕೆ!

ಇವತ್ತು ಪ್ರಪಂಚದ ದೊಡ್ಡವರೆಲ್ಲ ಕೂತು ಬರೆದ ನಿರಾಶ್ರಿತರ ಕಾನೂನೂ ಮುಖ್ಯವಾಗಿ ಕೇಳುವುದು ಅದೇ ಪ್ರಶ್ನೆ. ನಿನ್ನನ್ನು ಹಿಂಸಿಸಿದವರು ಯಾರು? ಬರೀ ಕಡಲಿಗೆ, ಬರೀ ಬರಕ್ಕೆ ಹೆದರಿ ಗಡಿ ದಾಟಿದವನಿಗೆ ಸರಿಯಾದ ಹೆಸರೂ ಇಲ್ಲ. ದೂರದ ಮಾತು ಅಂತೀರಾ? ಈ ಸಭಾಂಗಣದ ಹಿಂದಿನ ಶೆಡ್ಡಿನಲ್ಲಿ, ಕಳೆದ ಮಳೆಗಾಲದಿಂದ, ಕಡಲು ಮನೆ ನುಂಗಿದ ಜನ ಇದ್ದಾರೆ. ಅವರನ್ನು ನೀವು ಏನು ಕೇಳಿದಿರಿ? “ಆಧಾರ್ ಕಾರ್ಡು ಎಲ್ಲಿಯದು? ಯಾವಾಗ ವಾಪಸ್ ಹೋಗ್ತೀರಿ?” ವಾಪಸ್ ಎಲ್ಲಿಗೆ? ನೀರಿನೊಳಗೆ?

“ಪ್ರಕೃತಿ ಮುನಿಯಿತು, ನಾವೇನು ಮಾಡೋದು ಸ್ವಾಮೀ” ಅಂತೀರಿ. ಪಕ್ಕದ ಬೀದಿಯ ಅಂಗಡಿಗೂ ಕಾರು ಬೇಕು, ಮದುವೆ ಮಂಟಪಕ್ಕೆ ಜನರೇಟರು ಬೇಕು. ಆ ಹೊಗೆಗೇ ಭೂಮಿ ಬಿಸಿಯಾಗಿ ಕಡಲು ಏರುತ್ತಿರುವುದು. ನಿಮ್ಮ ಗೂಡು ಉರಿಯುತ್ತಲೇ ಇದೆ, ತಿಳಿಯಿರಿ. ಮೊದಲು ಅದನ್ನು ಕಡಿಮೆ ಮಾಡಿ. ಖಾಲಿ ಮನೆ ಇದ್ದವರು ಅವರಿಗೆ ಬಾಡಿಗೆಗೆ ಕೊಡಿ. ಅವರ ಮಕ್ಕಳು ಶಾಲೆಗೆ ಬಂದರೆ ಪಕ್ಕದಲ್ಲಿ ಕೂರಿಸಿಕೊಳ್ಳಲು ನಿಮ್ಮ ಮಕ್ಕಳಿಗೆ ಹೇಳಿ. ಓಟು ಕೇಳಲು ಬಂದವನನ್ನು ಕೇಳಿ: ನೀರಿಗೆ ಹೆದರಿ ಬಂದವನಿಗೂ ಕಾನೂನಿನಲ್ಲಿ ಜಾಗ ಮಾಡಿಸ್ತೀಯಾ, ಇಲ್ಲವಾ? ಉತ್ತರ ಬರುವವರೆಗೆ ಬಿಡಬೇಡಿ.

ಮಂಗಳಾರತಿ ಇನ್ನೂ ಆಗಿಲ್ಲ, ಗೊತ್ತು. ಮೊದಲು ಶೆಡ್ಡಿಗೆ ಹೋಗಿ, ಊಟ ಆಯಿತಾ ಅಂತ ಕೇಳಿ ಬನ್ನಿ. ದೇವರು ಕಾಯುತ್ತಾನೆ, ನಿಮ್ಮನ್ನು ಕಾದು ಕಾದು ಅವನಿಗೆ ಅಭ್ಯಾಸವಾಗಿದೆ.