ಹುಣಸೇಹಣ್ಣಿನಲ್ಲಿ ಬೆಳಗಿದ ಹಡಗಿನ ದೀಪ

ಅವರೆಕಾಯಿ ಕಾಲ. ಕ್ಯಾಸಂಬಳ್ಳಿ ಬಸ್‌ಸ್ಟಾಪಿನಲ್ಲಿ ಮೂಟೆಗಳ ನಡುವೆ ನಾನೂ ಕಾಯುತ್ತಿದ್ದೆ. ಪಕ್ಕದಲ್ಲಿ ಯಾರೋ ಅಕ್ಕ, ತಮ್ಮ ಕೂತಿದ್ದರು. ಅಕ್ಕನ ಮಡಿಲಲ್ಲಿ ಫಳಫಳ ಹೊಳೆಯುವ ದೊಡ್ಡ ಹಿತ್ತಾಳೆ ದೀಪ.

“ಅಯ್ಯೋ ಅಕ್ಕಾ, ಉಣಿಸೇಣ್ಣು ಆಕಿ ಉಜ್ಜಿಬಿಟ್ಯಾ?”

“ಇನ್ನೊಬ್ಬರಿಗೆ ಕೊಡೋ ಸಾಮಾನು ತೊಳೀದೆ ಕೊಡ್ತಾರೇನ್ಲಾ ಕದಿರಪ್ಪಾ?”

“ಮದ್ರಾಸಿನ ಅಡಗಿನ ಮ್ಯೂಸಿಯಂನೋರು ಎಂಗೈತೋ ಅಂಗೇ ತನ್ನಿ ಅಂದಿದ್ರು. ಅಪ್ಪ ಅಡಗಲ್ಲಿ ಕೆಲಸಕ್ಕಿದ್ದಾಗ ಉರಿಸಿ ಕಟ್ಟಿದ ಮಸೀನೂ ಬೇಕಂತೆ ಅವರಿಗೆ. ಈಗ ದೀಪಾನೇ ಬ್ಯಾಡ ಅಂದ್ರೆ?”

“ಅಪ್ಪನ ದೀಪಾನ ಬ್ಯಾಡ ಅಂತಾರಾ? ಫೋನ್ ಮಾಡಿ ಕೇಳು.”

ಅವನು ಫೋನ್ ಮಾಡಿ, ತಗ್ಗಿದ ದನಿಯ ತಮಿಳಿನಲ್ಲಿ ಎಲ್ಲವನ್ನೂ ಒಪ್ಪಿಸಿದ.

“ಒಳಗಡೆ ಮಸಿ ಐತಾ ಅಂತಾವ್ರೆ.”

ಅಕ್ಕ ದೀಪದೊಳಗೆ ಇಣುಕಿದಳು.

“ಐತೆ ಕಣ್ಲಾ! ಒಳಕ್ಕೆ ನನ್ನ ಕೈ ಓಗ್ಲಿಲ್ಲ.”

“ಅಂಗಾದ್ರೆ ತನ್ನಿ ಅಂತಾವ್ರೆ.”

“ಕೊಟ್ಟಮ್ಯಾಕೆ ನೋಡಾಕೆ ಬಿಡ್ತಾರಾ?”

“ಮೊದ್ಲೇ ಫೋನ್ ಮಾಡಿ ಬಂದ್ರೆ ತೆಗೆದು ತೋರಿಸ್ತಾರಂತೆ. ಉಣಿಸೇಣ್ಣು ಮಾತ್ರ ತರಬ್ಯಾಡ.”

ಬಂಗಾರಪೇಟೆ ಬಸ್ಸು ಬಂತು. ದೀಪ ಇಸಕೊಳ್ಳಲು ಕದಿರಪ್ಪ ಕೈ ಚಾಚಿದ.

“ಮೆತ್ತಗೆ ಇಡೀಲಾ, ಅಪ್ಪನ ಮಸಿ ಉದುರೀತು!” ಎಂದು ಗದರುತ್ತ ಅಕ್ಕ ಬಸ್ಸು ಹತ್ತಿದಳು.